ಪುರಾಣ ಪುಸ್ತಕಗಳ ಪಡಿಯಚ್ಚು ಚಿತ್ರಗಳು: ಮಕ್ಕಳ ಧರ್ಮಬೋಧೆಯ ಒಂದು ಅಧ್ಯಯನ

ಶರನ್ನವರಾತ್ರಿಯ ಮೂಲಾ ನಕ್ಷತ್ರದಂದು ಸರಸ್ವತಿಯನ್ನು ಆವಾಹಿಸಿ, ಮನೆಯಲ್ಲಿರುವ ಗ್ರಂಥಗಳನ್ನು ಮಣೆಯ ಮೇಲೆ ಜೋಡಿಸಿ ಪೂಜಿಸಿ, ಶ್ರವಣ ನಕ್ಷತ್ರದಂದು ವಿಸರ್ಜಿಸುವ ಪದ್ಧತಿ ಕನ್ನಡನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಉದ್ಯೋಗದ ನಿಮಿತ್ತ ಮುಂಬಯಿಗೆ ಬಂದು ನೆಲೆಸಿದ ಕುಟುಂಬಗಳೂ ಚಾಳಿನ ಒಂದು ಕೋಣೆಯಲ್ಲಾಗಲಿ, ಉಪನಗರದ ಚಿಕ್ಕ ಫ್ಲ್ಯಾಟಿನಲ್ಲಾಗಲಿ ಈ ಪದ್ಧತಿಯನ್ನು ಬಿಟ್ಟುಕೊಟ್ಟಿಲ್ಲ. ಹೀಗೆ ಪೂಜೆಗೆ ಇಡುವ ಪುಸ್ತಕಗಳಲ್ಲಿ ಅಜ್ಜ ಅಜ್ಜಿಯರ ಕಾಲದ ಒಂದಾದರೂ ಪುರಾಣವೋ ಭಾಗವತವೋ ಇರುವುದುಂಟು. ಅದರ ಹಾಳೆ ಹಳದಿಗಟ್ಟಿರುತ್ತದೆ, ಮೂಲೆಗಳು ಮುರಿದಿರುತ್ತವೆ, ಹೊಲಿಗೆ ಬಿಚ್ಚಿರುತ್ತದೆ. ಆದರೆ ನಡುನಡುವೆ ಕಪ್ಪು ಶಾಯಿಯಲ್ಲಿ ಅಚ್ಚಾದ ಚಿತ್ರಗಳು ಮಾತ್ರ ಇನ್ನೂ ಸ್ಪಷ್ಟವಾಗಿ ಕಾಣುತ್ತವೆ. ಮನೆಯ ಮಗು ಆ ಪುಸ್ತಕವನ್ನು ತೆರೆದರೆ ಮೊದಲು ಅದರ ಕಣ್ಣು ನಿಲ್ಲುವುದು ಆ ಚಿತ್ರಗಳ ಮೇಲೆಯೇ.

ಈ ಚಿತ್ರಗಳನ್ನು ಪುಸ್ತಕದ ಅಲಂಕಾರವೆಂದು ತಿಳಿದು ಮುಂದೆ ಸಾಗುವುದು ವಾಡಿಕೆ. ವಾಸ್ತವವಾಗಿ ಅವು ಅಲಂಕಾರಕ್ಕಾಗಿ ಹುಟ್ಟಿದವಲ್ಲ. ಅಕ್ಷರ ಬಾರದವರಿಗೂ ಅಕ್ಷರ ಕಲಿಯುತ್ತಿರುವ ಮಕ್ಕಳಿಗೂ ಕಥೆಯ ತಿರುಳನ್ನು ತಲುಪಿಸಲೆಂದು ಕುಶಲಕರ್ಮಿಗಳು ಮರದಲ್ಲಿ ಕೊರೆದ, ಕಲ್ಲಿನ ಮೇಲೆ ಬರೆದ ಪಾಠಗಳು ಅವು. ಆ ಪಾಠ ಹೇಗೆ ಸಿದ್ಧವಾಯಿತು, ಮುಂಬಯಿಗೂ ಕನ್ನಡಕ್ಕೂ ಅದರಲ್ಲಿರುವ ಪಾಲೇನು, ಇಂದಿನ ಮಕ್ಕಳಿಗೆ ಅದರಿಂದಾಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗಿದೆ.

ಚಿತ್ರದ ಮೂಲಕ ಬೋಧೆ

ಕಥೆಯನ್ನು ಚಿತ್ರದಿಂದ ಹೇಳುವುದು ಮುದ್ರಣಯಂತ್ರದೊಡನೆ ಬಂದ ವಿದ್ಯೆಯಲ್ಲ. ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣ ಭಾರತಗಳ ಪಟ್ಟಿಕೆಗಳನ್ನು ಕೊರೆದ ಶಿಲ್ಪಿಗಳು, ರಾತ್ರಿಯಿಡೀ ಪರದೆಯ ಹಿಂದೆ ತೊಗಲುಗೊಂಬೆಗಳನ್ನು ಆಡಿಸಿದ ಕಿಳ್ಳೇಕ್ಯಾತರು ಇದೇ ಕಾರ್ಯವನ್ನು ಮಾಡಿದರು. ಮಹಾರಾಷ್ಟ್ರದ ಕುಡಾಳದ ಬಳಿಯ ಪಿಂಗುಳಿ ಗ್ರಾಮದ ಠಾಕರ ಸಮುದಾಯದವರು ಕಾಗದದ ಮೇಲೆ ಬರೆದ ಚಿತ್ರಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತ ಹಾಡಿನಲ್ಲಿ ಕಥೆ ಹೇಳುತ್ತಾರೆ. ಅದಕ್ಕೆ ಚಿತ್ರಕಥಿ ಎಂದು ಹೆಸರು. ಈ ಚಿತ್ರಗಳಲ್ಲಿ ಮುಖ ಪಕ್ಕಕ್ಕೆ ತಿರುಗಿರುತ್ತದೆ, ಕಣ್ಣು ದೊಡ್ಡದಾಗಿರುತ್ತದೆ, ಸುತ್ತುರೇಖೆ ದಪ್ಪವಾಗಿರುತ್ತದೆ. ದೂರದಲ್ಲಿ ಕುಳಿತ ಮಗುವಿಗೂ ಇವನು ರಾವಣ, ಇವಳು ಸೀತೆ ಎಂದು ತಿಳಿಯಬೇಕೆಂಬುದೇ ಅದರ ಉದ್ದೇಶ. ಮರಾಠಿಯ ಹಳೆಯ ಮುದ್ರಿತ ಪೋಥಿಗಳ ಚಿತ್ರಗಳನ್ನು ನೋಡಿದವರಿಗೆ ಈ ದಪ್ಪ ಗೆರೆ, ಈ ದೊಡ್ಡ ಕಣ್ಣು ಅಲ್ಲಿಯೂ ಮುಂದುವರಿದಿರುವುದು ಗೋಚರವಾಗದಿರದು.

ಪಾಶ್ಚಾತ್ಯರಲ್ಲಿಯೂ ಮಕ್ಕಳ ಕಲಿಕೆಗೆ ಚಿತ್ರವನ್ನು ಆಧಾರ ಮಾಡಿಕೊಂಡವರು ಧರ್ಮಗುರುಗಳೇ. ಚೆಕ್ ದೇಶದ ಪಾದ್ರಿ ಕೊಮೆನಿಯಸ್ ಎಂಬವರು ರಚಿಸಿದ ‘ಓರ್ಬಿಸ್ ಪಿಕ್ಟಸ್’ ಎಂಬ ಚಿತ್ರಪಾಠವು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಅದರಲ್ಲಿ ಮರದಚ್ಚಿನ ಚಿತ್ರಗಳಿದ್ದವು. ಕಂಡದ್ದನ್ನು ಹೆಸರಿಸಿ, ಹೆಸರಿಸಿದ್ದನ್ನು ಓದುವುದು ಅದರ ಕ್ರಮ. ಮಕ್ಕಳ ಸಚಿತ್ರ ಪಠ್ಯಪುಸ್ತಕಗಳಿಗೆಲ್ಲ ಅದೇ ಹಿರಿಯಣ್ಣನೆಂದು ಶಿಕ್ಷಣ ಶಾಸ್ತ್ರಜ್ಞರು ಪರಿಗಣಿಸಿದ್ದಾರೆ.

ತಾಮ್ರ, ಮರ, ಕಲ್ಲು

ಹಳೆಯ ಪುಸ್ತಕಗಳ ಚಿತ್ರಗಳು ಮುಖ್ಯವಾಗಿ ಮೂರು ಬಗೆಯಲ್ಲಿ ಸಿದ್ಧವಾಗುತ್ತಿದ್ದವು. ಅವುಗಳ ವ್ಯತ್ಯಾಸವನ್ನು ತಿಳಿದರೆ ಮಕ್ಕಳ ಪುಸ್ತಕಕ್ಕೆ ಯಾವುದು ಏಕೆ ಒಗ್ಗಿತೆಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು ತಾಮ್ರದ ತಗಡಿನ ಕೆತ್ತನೆ. ಇಲ್ಲಿ ಗೆರೆಯನ್ನು ಲೋಹದೊಳಗೆ ತಗ್ಗಾಗಿ ಕೊರೆದು, ಆ ತಗ್ಗಿನಲ್ಲಿ ಶಾಯಿ ತುಂಬಿ, ಒದ್ದೆ ಕಾಗದವನ್ನು ಬಲವಾಗಿ ಒತ್ತಿ ಅಚ್ಚು ತೆಗೆಯುತ್ತಾರೆ. ಗೆರೆ ಕೂದಲಿನಷ್ಟು ನವುರಾಗಿ ಬರುತ್ತದೆ. ಆದರೆ ಅಕ್ಷರದ ಮೊಳೆಗಳು ಉಬ್ಬಾಗಿರುತ್ತವೆ, ತಾಮ್ರದ ಗೆರೆ ತಗ್ಗಾಗಿರುತ್ತದೆ. ಎರಡನ್ನೂ ಒಂದೇ ಯಂತ್ರದಲ್ಲಿ ಒಂದೇ ಸಲಕ್ಕೆ ಅಚ್ಚು ಮಾಡಲಾಗದು. ಚಿತ್ರವನ್ನು ಬೇರೆ ಹಾಳೆಯಲ್ಲಿ ಮುದ್ರಿಸಿ ನಡುವೆ ಸೇರಿಸಬೇಕು. ವೆಚ್ಚ ಹೆಚ್ಚು. ಆದ್ದರಿಂದ ಅದು ಶ್ರೀಮಂತರ ಗ್ರಂಥಗಳಿಗೆ ಮೀಸಲಾಯಿತು.

ಎರಡನೆಯದು ಮರದ ಪಡಿಯಚ್ಚು. ಬಿಳಿಯಾಗಿ ಉಳಿಯಬೇಕಾದ ಭಾಗವನ್ನೆಲ್ಲ ಕೊರೆದು ತೆಗೆದು, ಕಪ್ಪಾಗಿ ಮೂಡಬೇಕಾದ ಗೆರೆಯನ್ನು ಮಾತ್ರ ಉಬ್ಬಾಗಿ ಉಳಿಸುವುದು ಇದರ ಕ್ರಮ. ಹಲಗೆಯ ಉದ್ದನೆಯ ಮೈಯ ಬದಲು ಕಾಂಡದ ಅಡ್ಡಕೊಯ್ತದ ಮೈಯ ಮೇಲೆ, ಬಾಕ್ಸ್‌ವುಡ್ ಎಂಬ ಗಟ್ಟಿ ಮರದಲ್ಲಿ, ಲೋಹಗೆಲಸದ ಸೂಕ್ಷ್ಮ ಉಳಿಯಿಂದ ಕೊರೆಯುವ ವಿಧಾನವನ್ನು ಇಂಗ್ಲೆಂಡಿನ ಥಾಮಸ್ ಬೀವಿಕ್ ಎಂಬ ಕಲಾವಿದ 18ನೆಯ ಶತಮಾನದ ಕೊನೆಯಲ್ಲಿ ಪ್ರಸಿದ್ಧಿಗೆ ತಂದ. ಚತುಷ್ಪಾದ ಪ್ರಾಣಿಗಳನ್ನು ಕುರಿತ ಅವನ ಸಚಿತ್ರ ಗ್ರಂಥ 1790ರಲ್ಲಿ ಹೊರಬಂತು. ಈ ಪಡಿಯಚ್ಚಿನ ಎತ್ತರವನ್ನು ಅಕ್ಷರದ ಮೊಳೆಯ ಎತ್ತರಕ್ಕೆ ಸರಿಯಾಗಿ ಇಟ್ಟುಕೊಂಡರೆ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಬಿಗಿದು ಒಟ್ಟಿಗೆ ಮುದ್ರಿಸಬಹುದು. ಕಥೆ ಎಲ್ಲಿದೆಯೋ ಅದೇ ಪುಟದಲ್ಲಿ ಚಿತ್ರ. ಮಗುವಿನ ಬೆರಳು ಅಕ್ಷರದಿಂದ ಚಿತ್ರಕ್ಕೂ ಚಿತ್ರದಿಂದ ಅಕ್ಷರಕ್ಕೂ ಓಡಾಡಬಹುದು. ಅಗ್ಗದ ಮಕ್ಕಳ ಪುಸ್ತಕಗಳಲ್ಲಿ ಮರದಚ್ಚು ನೆಲೆಗೊಂಡದ್ದು ಈ ಕಾರಣದಿಂದ.

ಮೂರನೆಯದು ಕಲ್ಲಚ್ಚು, ಅಥವಾ ಶಿಲಾಮುದ್ರಣ. ಜರ್ಮನಿಯ ಬವೇರಿಯಾ ಪ್ರಾಂತದ ಅಲೋಯ್ಸ್ ಸೆನೆಫೆಲ್ಡರ್ 18ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇದನ್ನು ಕಂಡುಹಿಡಿದ. ಇದರಲ್ಲಿ ಕೊರೆಯುವ ಕೆಲಸವೇ ಇಲ್ಲ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಗೋಂದು ಮತ್ತು ಆಮ್ಲಗಳಿಂದ ಕಲ್ಲನ್ನು ಹದಗೊಳಿಸಿ, ನೀರು ಸವರಿದರೆ ಬರೆಯದ ಭಾಗ ನೀರನ್ನು ಹಿಡಿದುಕೊಳ್ಳುತ್ತದೆ, ಬರೆದ ಭಾಗ ಅದನ್ನು ದೂರ ತಳ್ಳುತ್ತದೆ. ಬಳಿಕ ಎಣ್ಣೆಯ ಶಾಯಿಯನ್ನು ಉರುಳಿಸಿದಾಗ ಅದು ಬರೆದ ಗೆರೆಗಳಿಗೆ ಮಾತ್ರ ಅಂಟುತ್ತದೆ. ನೀರಿಗೂ ಎಣ್ಣೆಗೂ ಇರುವ ಸಹಜ ವೈರವೇ ಇಲ್ಲಿ ವಿದ್ಯೆಯಾಯಿತು. ದೇಶೀಯ ಲಿಪಿಗಳ ಮೊಳೆಗಳನ್ನು ಕೊರೆಸಿ ಎರಕ ಹೊಯ್ಯುವುದು ದುಬಾರಿಯಾಗಿದ್ದ ಕಾಲದಲ್ಲಿ ಕಲ್ಲಚ್ಚು ವರದಾನವೆನಿಸಿತು. ಒಳ್ಳೆಯ ಕೈಬರಹದ ಲೇಖಕನೊಬ್ಬನಿದ್ದರೆ ಸಾಕು, ಅಕ್ಷರವೂ ಚಿತ್ರವೂ ಒಂದೇ ಲೇಖನಿಯಿಂದ ಒಂದೇ ಕಲ್ಲಿನ ಮೇಲೆ ಇಳಿಯುತ್ತಿದ್ದವು.

ಮುಂಬಯಿಯ ಛಾಪಖಾನೆಗಳು ಮತ್ತು ಕನ್ನಡ

ಮುಂಬಯಿಯಲ್ಲಿ ಮುದ್ರಣದ ಕನಸು ಕಂಡವರಲ್ಲಿ ಭೀಮಜೀ ಪಾರೇಖ್ ಎಂಬ ವರ್ತಕರು ಮೊದಲಿಗರು. ಅವರ ಬೇಡಿಕೆಯಂತೆ 1674ರಲ್ಲಿ ಇಂಗ್ಲೆಂಡಿನಿಂದ ಮುದ್ರಕನೊಬ್ಬ ಬಂದನಾದರೂ ದೇಶೀಯ ಅಕ್ಷರಗಳ ಕೆಲಸ ಕೈಗೂಡಲಿಲ್ಲ. 1812ರಲ್ಲಿ ಫರ್ದೂನ್‌ಜೀ ಮರ್ಜಬಾನರು ಗುಜರಾತಿ ಮುದ್ರಣಾಲಯವನ್ನು ತೆರೆದರು. ಅಮೆರಿಕನ್ ಮಿಶನ್ನಿನವರೂ ಅದೇ ದಶಕದಲ್ಲಿ ತಮ್ಮ ಯಂತ್ರವನ್ನು ಸ್ಥಾಪಿಸಿ ಮರಾಠಿಯಲ್ಲಿ ಕ್ರೈಸ್ತ ಪುಸ್ತಿಕೆಗಳನ್ನು ಮುದ್ರಿಸತೊಡಗಿದರು. ಆ ಮಿಶನ್ನಿನ ಮುದ್ರಣಾಲಯದಲ್ಲಿ ಕೆಲಸ ಕಲಿತ ಗಣಪತ ಕೃಷ್ಣಾಜಿ ಎಂಬವರು ಸ್ವಂತ ಕಲ್ಲಚ್ಚಿನ ಛಾಪಖಾನೆ ತೆರೆದು 1831ರಲ್ಲಿ ಮರಾಠಿ ಪಂಚಾಂಗವನ್ನು ಅಚ್ಚು ಮಾಡಿದರು. ಹಿಂದೂ ಧರ್ಮಗ್ರಂಥಗಳ ಮುದ್ರಣಕ್ಕೆ ಈ ನಗರದಲ್ಲಿ ದಾರಿ ತೆರೆದವರು ಅವರು. ಅಚ್ಚಾದ ಕಾಗದವನ್ನು ಮುಟ್ಟಿದರೆ ಮೈಲಿಗೆಯೆಂದು ಭಾವಿಸಿದ ಕರ್ಮಠರು ಆಗ ಅನೇಕರಿದ್ದರು. ಶಾಯಿಯಲ್ಲಿ ಪ್ರಾಣಿಗಳ ಕೊಬ್ಬು ಇರಬಹುದೆಂಬ ಶಂಕೆಯನ್ನು ನಿವಾರಿಸಲು ತುಪ್ಪ ಬೆರೆಸಿದ ಶಾಯಿಯಿಂದ ಧರ್ಮಗ್ರಂಥಗಳನ್ನು ಮುದ್ರಿಸಿದರೆಂಬ ಮಾತೂ ಪ್ರಚಾರದಲ್ಲಿದೆ.

ಇಲ್ಲಿಂದ ಮುಂದೆ ಮುಂಬಯಿಯ ಕಲ್ಲಚ್ಚಿನಲ್ಲಿ ಸಚಿತ್ರ ಪೋಥಿಗಳು ಬರತೊಡಗಿದವು. ಶ್ರೀಧರ ಕವಿಯ ‘ಹರಿವಿಜಯ’, ‘ರಾಮವಿಜಯ’, ‘ಪಾಂಡವಪ್ರತಾಪ’, ‘ಶಿವಲೀಲಾಮೃತ’ಗಳು ಮಹಾರಾಷ್ಟ್ರದ ಮನೆಮನೆಯ ಪಾರಾಯಣ ಗ್ರಂಥಗಳು. 18ನೆಯ ಶತಮಾನದ ಆರಂಭದ ವರ್ಷಗಳಲ್ಲಿ ರಚಿತವಾದ ಇವನ್ನು ಹಿರಿಯರು ಓದುತ್ತಿದ್ದಾಗ ಮಕ್ಕಳು ಸುತ್ತಲೂ ಕುಳಿತು ಕೇಳುವುದು ರೂಢಿ. ಓಲೆಗರಿಯ ಆಕಾರವನ್ನು ಉಳಿಸಿಕೊಂಡು, ಹೊಲಿಗೆಯಿಲ್ಲದೆ, ಅಡ್ಡವಾಗಿ ಅಚ್ಚಾದ ಬಿಡಿ ಹಾಳೆಗಳನ್ನು ಕೆಂಪು ವಸ್ತ್ರದಲ್ಲಿ ಕಟ್ಟಿಡುತ್ತಿದ್ದರು. ಓದಿದ ಹಾಳೆಯನ್ನು ಪಕ್ಕಕ್ಕೆ ಇಟ್ಟಾಗ ಅದರ ಚಿತ್ರ ಮಕ್ಕಳ ಕೈಗೆ ಬರುತ್ತಿತ್ತು. ಪ್ರತ್ಯೇಕವಾದ ಮಕ್ಕಳ ಪುಸ್ತಕಗಳು ವಿರಳವಾಗಿದ್ದ ಆ ಕಾಲದಲ್ಲಿ ಮಕ್ಕಳ ಸಚಿತ್ರ ಧರ್ಮಪುಸ್ತಕವೆಂದರೆ ಇದೇ.

ಮುಂಬಯಿಯ ಕಲ್ಲಚ್ಚು ಕನ್ನಡಕ್ಕೆ ನೇರವಾಗಿ ಮಾಡಿದ ಉಪಕಾರವನ್ನು ಇಲ್ಲಿ ಸ್ಮರಿಸಬೇಕು. ಮಂಗಳೂರಿನ ಬಾಸೆಲ್ ಮಿಶನ್ನಿನ ವೈಗ್ಲೆ ಎಂಬ ಪಾದ್ರಿಗಳು 1841ರಲ್ಲಿ ಮುಂಬಯಿಗೆ ಬಂದು ಕಲ್ಲಚ್ಚಿನ ಯಂತ್ರವನ್ನೂ ಅದನ್ನು ನಡೆಸಬಲ್ಲ ಇಬ್ಬರು ಮರಾಠಿ ಮುದ್ರಕರನ್ನೂ ಮಂಗಳೂರಿಗೆ ಕರೆದೊಯ್ದರು. ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರಡಿಸಿದ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಿನ ಮೇಲೆ. ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತವೂ, 1850ರಲ್ಲಿ ದಾಸರ ಪದಗಳ ಸಂಗ್ರಹವೂ ಬೆಳಕು ಕಂಡದ್ದು ಅದೇ ವಿಧಾನದಿಂದ. ಹರಿದಾಸರ ಪದಗಳು ಮೊದಲಿಗೆ ಕಲ್ಲಿನಿಂದ ಕಾಗದಕ್ಕೆ ಇಳಿದ ಕಥೆಯ ಹಿಂದೆ ಮುಂಬಯಿಯ ಋಣವಿದೆಯೆಂಬುದು ಇಲ್ಲಿಯ ಕನ್ನಡಿಗರಿಗೆ ಅಭಿಮಾನದ ವಿಷಯ.

ಮಕ್ಕಳಿಗಾಗಿಯೇ ಚಿತ್ರಸಹಿತ ಧರ್ಮಪುಸ್ತಕ ಪ್ರಕಟಿಸುವ ಕ್ರಮವನ್ನು ವ್ಯವಸ್ಥಿತವಾಗಿ ಆಚರಣೆಗೆ ತಂದವರಲ್ಲಿ ಕ್ರೈಸ್ತ ಮಿಶನ್ನಿನವರು ಮುಂದಿದ್ದರೆಂಬುದನ್ನು ಒಪ್ಪಬೇಕು. ಜರ್ಮನಿಯ ಕಾಲ್ವ್ ಪಟ್ಟಣದ ಬಾರ್ಟ್ ಎಂಬವರು 1832ರಲ್ಲಿ ಬೈಬಲಿನ ಕಥೆಗಳನ್ನು ಮಕ್ಕಳಿಗಾಗಿ ಸಂಗ್ರಹಿಸಿದರು. ಹಳೆಯ ಒಡಂಬಡಿಕೆಯಿಂದ 52, ಹೊಸದರಿಂದ 52, ವಾರಕ್ಕೊಂದರಂತೆ ಎರಡು ವರ್ಷದ ಪಾಠ. ಚಿಕ್ಕಚಿಕ್ಕ ಮರದಚ್ಚು ಚಿತ್ರಗಳೊಡನೆ ಆ ಪುಸ್ತಕ ಹತ್ತಾರು ಭಾಷೆಗಳಿಗೆ ಹೋಯಿತು, ಕನ್ನಡಕ್ಕೂ ಬಂತು. ಮುಂಬಯಿಯಲ್ಲಿ ಅಮೆರಿಕನ್ ಮಿಶನ್ನಿನವರು 1873ರಲ್ಲಿ ‘ಬಾಲಬೋಧಮೇವಾ’ ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದರು. ಅದಕ್ಕೆ ಉತ್ತರವೋ ಎಂಬಂತೆ ವಿನಾಯಕ ಕೊಂಡದೇವ ಓಕರು 1881ರಲ್ಲಿ ‘ಬಾಲಬೋಧ’ವನ್ನು ಹೊರಡಿಸಿದರು. ಅದು ಅಚ್ಚಾದದ್ದು ನಿರ್ಣಯಸಾಗರದಲ್ಲಿ.

ನಿರ್ಣಯಸಾಗರದ ಹೆಸರು ಸಂಸ್ಕೃತ ಬಲ್ಲ ಕನ್ನಡಿಗರೆಲ್ಲರಿಗೂ ಪರಿಚಿತ. ಬಡತನದಲ್ಲಿ ಬೆಳೆದು, ಶಾಲೆಯ ವಿದ್ಯೆ ಹೆಚ್ಚಿಲ್ಲದ ಜಾವಜೀ ದಾದಾಜಿಯವರು 1864ರಲ್ಲಿ ಅಕ್ಷರದ ಎರಕಶಾಲೆಯನ್ನೂ 1869ರಲ್ಲಿ ಮುದ್ರಣಾಲಯವನ್ನೂ ಸ್ಥಾಪಿಸಿ ನಾಗರಿ ಲಿಪಿಗೆ ಹೊಸ ಅಂದವನ್ನು ತಂದರು. 1871ರಲ್ಲಿ ಸ್ಥಾಪಿತವಾದ ಖೇಮರಾಜ ಶ್ರೀಕೃಷ್ಣದಾಸರ ಶ್ರೀ ವೆಂಕಟೇಶ್ವರ ಮುದ್ರಣಾಲಯವು ಪುರಾಣಗಳನ್ನು ಸಂಸ್ಕೃತ ಹಿಂದಿಗಳಲ್ಲಿ ದೇಶವೆಲ್ಲ ಹರಡಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ ಎಂಬ ಮಹಾಗ್ರಂಥವು ದೇವತೆಗಳ ಧ್ಯಾನಶ್ಲೋಕಗಳಿಗೂ ವರ್ಣಚಿತ್ರಗಳಿಗೂ ಆಕರ. ಶಕ್ತಿನಿಧಿಯಿಂದ ಆರಂಭಿಸಿ ಒಂಬತ್ತು ನಿಧಿಗಳಾಗಿ ಅದನ್ನು ವಿಂಗಡಿಸಿದ್ದಾರೆ. ದಸರೆಯ ಅರಮನೆಯಲ್ಲಿ ಸಿದ್ಧವಾದ ಆ ಗ್ರಂಥದ ಪಾಠವನ್ನು ಮುದ್ರಿಸಿದ್ದೂ ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯವೇ. ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ ಎಂಬುದನ್ನು ನಿರ್ಧರಿಸಲು ಚಿತ್ರಕಾರರು ಆಶ್ರಯಿಸುವುದು ಇಂಥ ಧ್ಯಾನಶ್ಲೋಕಗಳನ್ನೇ.

ಇನ್ನೊಂದು ಸಂಗತಿ. 1867ರ 25ನೆಯ ಕಾಯಿದೆಯಂತೆ ಅಚ್ಚಾದ ಪ್ರತಿಯೊಂದು ಪುಸ್ತಕವನ್ನೂ ಸರಕಾರದಲ್ಲಿ ದಾಖಲು ಮಾಡಬೇಕಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ಕನ್ನಡ ಪುಸ್ತಕಗಳೂ ಮುಂಬಯಿ ಸರಕಾರದ ತ್ರೈಮಾಸಿಕ ಪಟ್ಟಿಯಲ್ಲಿ ಸೇರಿದವು. ಪುಟಸಂಖ್ಯೆ, ಪ್ರತಿಗಳ ಸಂಖ್ಯೆ, ಬೆಲೆ ಇವುಗಳ ಜೊತೆಗೆ ಮೊಳೆಯಚ್ಚೋ ಕಲ್ಲಚ್ಚೋ ಎಂಬುದನ್ನು ನಮೂದಿಸಲು ಬೇರೆಯೇ ಒಂದು ಅಂಕಣವಿತ್ತು. ಹಳೆಯ ಪುಸ್ತಕಗಳ ಚರಿತ್ರೆ ಬರೆಯಲು ಹೊರಡುವವರಿಗೆ ಇದಕ್ಕಿಂತ ನಂಬಲರ್ಹವಾದ ಲೆಕ್ಕಪುಸ್ತಕ ದೊರೆಯಲಾರದು.

ಚಿತ್ರವನ್ನು ಓದುವ ಕ್ರಮ

ಇಂಥ ಚಿತ್ರವನ್ನು ನೋಡಿದರೆ ಸಾಲದು, ಓದಬೇಕು. ಅದಕ್ಕೆ ಕೆಲವು ನಿಯಮಗಳಿವೆ.

ಮೊದಲನೆಯದಾಗಿ, ಒಂದೇ ಚೌಕಟ್ಟಿನಲ್ಲಿ ಕಥೆಯ ಹಲವು ಕ್ಷಣಗಳು ಸೇರಿರುತ್ತವೆ. ಮಹಿಷಾಸುರಮರ್ದಿನಿಯ ಚಿತ್ರವನ್ನೇ ತೆಗೆದುಕೊಳ್ಳಬಹುದು. ದೇವೀಮಾಹಾತ್ಮ್ಯದ ಮೂರನೆಯ ಅಧ್ಯಾಯದಲ್ಲಿ ದೇವಿಯು ಕೋಣನ ಮೇಲೆ ಹಾರಿ, ಕಾಲಿನಿಂದ ಅದುಮಿ, ಶೂಲದಿಂದ ಹೊಡೆಯುತ್ತಾಳೆ. ಅಸುರನು ಕೋಣನ ಬಾಯಿಂದ ಅರ್ಧ ಹೊರಬಂದ ಸ್ಥಿತಿಯಲ್ಲಿಯೇ ಹೋರಾಡುತ್ತಾನೆ. ಆಗ ದೇವಿ ಖಡ್ಗದಿಂದ ಅವನ ಶಿರಸ್ಸನ್ನು ಕತ್ತರಿಸುತ್ತಾಳೆ. ಪಡಿಯಚ್ಚಿನಲ್ಲಿ ಕೋಣನ ದೇಹ, ಕತ್ತಿನಿಂದ ಮೇಲೆದ್ದ ಮನುಷ್ಯಾಕಾರ, ಎದೆಗಿಳಿದ ಶೂಲ, ಎತ್ತಿದ ಖಡ್ಗ ಎಲ್ಲವೂ ಒಮ್ಮೆಗೇ ಕಾಣುತ್ತವೆ. ಮಗು ಕೇಳುವ ಮೊದಲ ಪ್ರಶ್ನೆ, ‘ಇವನು ಕೋಣನೋ ಮನುಷ್ಯನೋ?’ ಎಂಬುದು. ಉತ್ತರ ಹೇಳಹೊರಟರೆ ಇಡೀ ಅಧ್ಯಾಯವನ್ನು ಹೇಳಿದಂತಾಗುತ್ತದೆ. ವೇಷ ಬದಲಿಸುತ್ತ ತಪ್ಪಿಸಿಕೊಳ್ಳುವ ದುಷ್ಟತನವು ಒಂದು ವೇಷದಿಂದ ಇನ್ನೊಂದಕ್ಕೆ ಜಾರುವ ಸಂಧಿಯಲ್ಲಿಯೇ ಸಿಕ್ಕಿಬೀಳುತ್ತದೆಂಬ ಅರ್ಥವೂ ಅಲ್ಲಿ ಹೊಳೆಯುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಯ ಕಾಲಕ್ಕೆ ಓದುವ ಚಿದಾನಂದಾವಧೂತರ ದೇವೀಪುರಾಣವನ್ನು ಮಕ್ಕಳಿಗೆ ಪರಿಚಯಿಸಲು ಈ ಒಂದು ಚಿತ್ರ ಸಾಕು.

ಎರಡನೆಯದಾಗಿ, ಆಕಾರದ ದೊಡ್ಡತನ ದೂರವನ್ನಾಗಲಿ ಹತ್ತಿರವನ್ನಾಗಲಿ ಸೂಚಿಸುವುದಿಲ್ಲ, ಮಹತ್ತ್ವವನ್ನು ಸೂಚಿಸುತ್ತದೆ. ದೇವರು ದೊಡ್ಡದು, ರಾಜ ಅದಕ್ಕಿಂತ ಸಣ್ಣ, ಸೇವಕ ಇನ್ನೂ ಸಣ್ಣ. ಆದರೆ ಮಾರ್ಕಂಡೇಯನ ಚಿತ್ರದಲ್ಲಿ ಈ ನಿಯಮ ವಿಶೇಷ ಅರ್ಥವನ್ನು ತಾಳುತ್ತದೆ. ಹದಿನಾರು ವರ್ಷದ ಆ ಬಾಲಕ ಚಿಕ್ಕವನು, ಯಮ ದೊಡ್ಡವನು. ಬಾಲಕನು ಅಪ್ಪಿಕೊಂಡ ಲಿಂಗ ಅವನಷ್ಟೇ ಎತ್ತರ. ಯಮನ ಪಾಶ ಇಬ್ಬರನ್ನೂ ಸುತ್ತಿದೆ. ಭಕ್ತನನ್ನು ಎಳೆಯುವವನು ದೇವರನ್ನೇ ಎಳೆಯುತ್ತಿದ್ದಾನೆಂಬ ತತ್ತ್ವವನ್ನು ಚಿತ್ರಕಾರ ಒಂದು ಹಗ್ಗದಿಂದ ಹೇಳಿ ಮುಗಿಸುತ್ತಾನೆ.

ಮೂರನೆಯದಾಗಿ, ಚಿತ್ರದ ಅಂಚಿನಲ್ಲಿರುವುದನ್ನು ಬಿಡಬಾರದು. ಗಜೇಂದ್ರಮೋಕ್ಷದಲ್ಲಿ ಎಲ್ಲರ ಕಣ್ಣೂ ಆನೆಯ ಸೊಂಡಿಲಿನ ಕಮಲದ ಮೇಲೆ, ಗರುಡನ ಮೇಲೆ ಬರುವ ವಿಷ್ಣುವಿನ ಮೇಲೆ ನಿಲ್ಲುತ್ತದೆ. ಕೆಳಗೆ ನೀರಿನಲ್ಲಿ ಮೊಸಳೆಯಿದೆ. ಭಾಗವತದ ಎಂಟನೆಯ ಸ್ಕಂಧದ ಪ್ರಕಾರ ಹರಿಯು ಆನೆಯನ್ನು ಮೊಸಳೆಯೊಡನೆಯೇ ನೀರಿನಿಂದ ಮೇಲೆತ್ತಿದನು. ಮೊಸಳೆ ಹೂಹೂ ಎಂಬ ಗಂಧರ್ವ, ದೇವಲ ಮುನಿಯ ಶಾಪದಿಂದ ಆ ರೂಪ ಪಡೆದವನು. ಚಕ್ರದಿಂದ ಅವನಿಗೂ ಬಿಡುಗಡೆಯಾಯಿತು. ಹಿಡಿದವನಿಗೂ ಹಿಡಿಯಲ್ಪಟ್ಟವನಿಗೂ ಒಂದೇ ಕೃಪೆ ದೊರೆಯಿತೆಂಬುದನ್ನು ಮಗುವಿಗೆ ತಿಳಿಸಬೇಕಾದರೆ ಬೆರಳನ್ನು ಚಿತ್ರದ ಕೆಳಗಿನ ಅಂಚಿಗೆ ಒಯ್ಯಬೇಕು.

ನಾಲ್ಕನೆಯದು ಕಸುಬಿಗೆ ಸಂಬಂಧಿಸಿದ ವಿಚಾರ. ಕಚೇರಿಯ ರಬ್ಬರಿನ ಮೊಹರಿನಲ್ಲಿ ಅಕ್ಷರಗಳು ತಿರುವುಮುರುವಾಗಿರುವಂತೆ ಪಡಿಯಚ್ಚಿನಲ್ಲಿಯೂ ಎಲ್ಲವೂ ಎಡಬಲ ಬದಲಾಗಿರಬೇಕು. ಕೊರೆಯುವವನು ಇದನ್ನು ಮರೆತರೆ ಅಚ್ಚಿನಲ್ಲಿ ರಾಮನು ಎಡಗೈಯಿಂದ ಬಾಣ ಎಳೆಯುತ್ತಾನೆ, ಗಣಪತಿಯ ಸೊಂಡಿಲು ಬಲಕ್ಕೆ ತಿರುಗುತ್ತದೆ. ಅಂಥ ಚಿತ್ರವನ್ನು ಕಂಡಾಗ ಅದರಲ್ಲಿ ಗೂಢಾರ್ಥ ಹುಡುಕುವ ಮೊದಲು ಕೊರೆದವನ ಕೈತಪ್ಪನ್ನು ನೆನೆಯುವುದು ವಿವೇಕ. ಹಾಗೆಯೇ ಒಂದೇ ಪಡಿಯಚ್ಚನ್ನು ಬೇರೆಬೇರೆ ಕಥೆಗಳಿಗೆ ಬಳಸುವ ಮಿತವ್ಯಯವೂ ಮುದ್ರಕರಲ್ಲಿತ್ತು. ಒಬ್ಬ ರಾಜನ ಸಭೆಯೇ ಒಮ್ಮೆ ದಶರಥನದು, ಇನ್ನೊಮ್ಮೆ ಹರಿಶ್ಚಂದ್ರನದು. ಹೆಸರು ಬದಲಾದರೂ ಧರ್ಮಸಭೆಯ ಲಕ್ಷಣ ಒಂದೇ ಎಂದು ಹಿರಿಯರು ಮಕ್ಕಳಿಗೆ ಸಮಾಧಾನ ಹೇಳಬಹುದು.

ಬಣ್ಣ ಬಂದ ಮೇಲೆ

1857ರಲ್ಲಿ ಆರಂಭವಾದ ಸರ್ ಜಮಶೇಟ್‌ಜೀ ಜೀಜೀಭಾಯ್ ಕಲಾಶಾಲೆಯಿಂದ ಮುಂಬಯಿಯಲ್ಲಿ ಪಾಶ್ಚಾತ್ಯ ರೀತಿಯ ಚಿತ್ರಶಿಕ್ಷಣ ಬೆಳೆಯಿತು. ನೆರಳು ಬೆಳಕು, ದೂರ ಸಮೀಪಗಳ ಲೆಕ್ಕಾಚಾರ ದೇವರ ಚಿತ್ರಗಳಿಗೂ ಬಂತು. 1878ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರು ಪುಣೆಯಲ್ಲಿ ಚಿತ್ರಶಾಲಾ ಮುದ್ರಣಾಲಯವನ್ನು ತೆರೆದರು. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ವರ್ಣಶಿಲಾಮುದ್ರಣಾಲಯವನ್ನು ಸ್ಥಾಪಿಸಿದರು. ಅದರಿಂದ ಹೊರಬಂದ ಮೊದಲ ಚಿತ್ರ ಶಕುಂತಲೆಯ ಜನನ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದರ ಮೇಲೊಂದು ಅಚ್ಚು. ನಗರದಲ್ಲಿ ಪ್ಲೇಗಿನ ಹಾವಳಿ ತೊಡಗಿದ ಬಳಿಕ, 1899ರಲ್ಲಿ ಆ ಮುದ್ರಣಾಲಯ ಲೋಣಾವಳಾ ಸಮೀಪದ ಮಳವಲಿಗೆ ಹೋಯಿತು. 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಆದರೆ ಅದರ ಲಕ್ಷ್ಮಿ ಸರಸ್ವತಿಯರು ಇಂದಿಗೂ ದೇವರ ಕೋಣೆಯ ಗೋಡೆಗಳಲ್ಲಿ ಉಳಿದಿದ್ದಾರೆ.

ವರ್ಣಪಟದಿಂದ ಭಕ್ತಿಗೆ ಲಾಭವಾಯಿತು. ಆದರೆ ಪಟ ಗೋಡೆಗೆ ಹೋಯಿತು, ಪುಸ್ತಕದಿಂದ ದೂರವಾಯಿತು. ಪಟಕ್ಕೆ ಕೈ ಮುಗಿಯುತ್ತಾರೆ, ಪಡಿಯಚ್ಚಿನ ಚಿತ್ರಕ್ಕೆ ಪ್ರಶ್ನೆ ಕೇಳುತ್ತಾರೆ. ಮಕ್ಕಳ ಶಿಕ್ಷಣಕ್ಕೆ ಎರಡೂ ಬೇಕು.

ಗೆರೆಯ ಚಿತ್ರದ ಪರಂಪರೆ ಕಡಿದುಹೋಗಲಿಲ್ಲ. ಮುಂಬಯಿ ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದ ಎಂ. ವಿ. ಧುರಂಧರರು (1867–1944) ಅನೇಕ ಗ್ರಂಥಗಳಿಗೆ ಚಿತ್ರ ಬರೆದರು. 1914ರಲ್ಲಿ ಸಿ. ಎ. ಕಿಂಕೇಡ್ ಎಂಬ ಅಧಿಕಾರಿ ಮರಾಠಿ ಹೆಂಗಸರು ವ್ರತದ ದಿನಗಳಲ್ಲಿ ಮಕ್ಕಳಿಗೆ ಹೇಳುವ ಕಥೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ ಅದಕ್ಕೆ ಚಿತ್ರ ಬರೆದವರು ಧುರಂಧರರು. ಆದಿತ್ಯವಾರದ ಕಥೆ, ಸೋಮವಾರದ ಕಥೆ ಎಂದು ವಾರಗಳ ಕ್ರಮದಲ್ಲಿ ಅದು ಆರಂಭವಾಗುತ್ತದೆ. ಕನ್ನಡದ ಮನೆಗಳ ವ್ರತಕಥೆಗಳಿಗೆ ಅವು ಒಡಹುಟ್ಟಿದಂಥವು.

ಇದೇ ನಗರದಲ್ಲಿ 1967ರಲ್ಲಿ ‘ಅಮರ ಚಿತ್ರ ಕಥಾ’ ಮಾಲೆಯನ್ನು ಕಟ್ಟಿದ ಅನಂತ ಪೈಯವರು ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಬಾಲ್ಯದಲ್ಲಿ ಮುಂಬಯಿಗೆ ಬಂದವರು. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಕೊಟ್ಟ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯದಿದ್ದುದನ್ನು ಕಂಡು ಅವರು ಈ ಕೆಲಸಕ್ಕೆ ತೊಡಗಿದರೆಂಬುದು ಪ್ರಸಿದ್ಧ ಸಂಗತಿ. ಅವರ ‘ಕೃಷ್ಣ’ಕ್ಕೆ ರಾಮ್ ವಾಈರ್‌ಕರ್ ಚಿತ್ರ ಬರೆದರು. ಕಪ್ಪು ಸುತ್ತುರೇಖೆ, ಗುರುತಿಸಲು ಸುಲಭವಾದ ಮುಖ, ಚೌಕಟ್ಟಿನೊಳಗೆ ಒಂದೊಂದು ಘಟನೆ: ಕಲ್ಲಚ್ಚಿನ ಪೋಥಿ ಹೊಸ ಉಡುಪು ತೊಟ್ಟು ಬಂದಂತಾಯಿತು. 2011ರಲ್ಲಿ ನಿಧನರಾಗುವವರೆಗೂ ಅವರನ್ನು ಮಕ್ಕಳು ‘ಅಂಕಲ್ ಪೈ’ ಎಂದೇ ಕರೆದರು.

ಎರಡು ಆಕ್ಷೇಪಗಳು

ಇಂಥ ಚಿತ್ರಗಳ ಬಗ್ಗೆ ಎರಡು ಆಕ್ಷೇಪಗಳು ಕೇಳಿಬರುತ್ತವೆ. ಅವನ್ನು ತಳ್ಳಿಹಾಕುವುದು ಸರಿಯಲ್ಲ.

ಯಮಪುರಿಯ ಶಿಕ್ಷೆಗಳನ್ನು ತೋರಿಸುವ ಚಿತ್ರಗಳು ಎಳೆಯ ಮನಸ್ಸಿಗೆ ಭಯ ಹುಟ್ಟಿಸುತ್ತವೆಂಬುದು ಮೊದಲನೆಯದು. ಕುದಿಯುವ ಎಣ್ಣೆ, ಗರಗಸ, ಮುಳ್ಳಿನ ಮರಗಳನ್ನು ಕಂಡ ಮಗು ರಾತ್ರಿ ಬೆಚ್ಚಿಬೀಳುವುದು ಸುಳ್ಳಲ್ಲ. ಭಯದಿಂದ ಹುಟ್ಟಿದ ಸದಾಚಾರ ಭಯ ಹೋದೊಡನೆ ಹೋಗುತ್ತದೆ. ಆದ್ದರಿಂದ ಅಂಥ ಹಾಳೆಗಳನ್ನು ಮಗು ದೊಡ್ಡದಾಗುವವರೆಗೆ ಮುಚ್ಚಿಡುವುದೇ ಲೇಸು. ಧ್ರುವ, ಪ್ರಹ್ಲಾದ, ಗಜೇಂದ್ರರಿಂದ ಆರಂಭಿಸಿದರೆ ಭಯವೂ ಕಥೆಯೊಳಗೇ ಬಂದು ಕಥೆಯೊಳಗೇ ಪರಿಹಾರವಾಗುತ್ತದೆ.

ನಿರಾಕಾರನಾದ ಭಗವಂತನಿಗೆ ಚಿತ್ರಕಾರನು ಒಂದೇ ಮುಖವನ್ನು ಅಂಟಿಸಿಬಿಡುತ್ತಾನೆಂಬುದು ಎರಡನೆಯ ಆಕ್ಷೇಪ. ಒಂದೇ ಚಿತ್ರವನ್ನು ನೋಡಿ ಬೆಳೆದರೆ ಇದು ನಿಜವಾದೀತು. ಪರಿಹಾರ ಚಿತ್ರವನ್ನು ಬಿಡುವುದರಲ್ಲಿಲ್ಲ, ಹಲವು ಚಿತ್ರಗಳನ್ನು ಒಟ್ಟಿಗೆ ಇಡುವುದರಲ್ಲಿದೆ. ಕಲ್ಲಚ್ಚಿನ ಕೃಷ್ಣ, ರವಿವರ್ಮರ ಕೃಷ್ಣ, ಚಿತ್ರಕಥೆಯ ಕೃಷ್ಣ ಮೂವರನ್ನೂ ಅಕ್ಕಪಕ್ಕ ಕಂಡ ಮಗುವಿಗೆ ಮುಖ ಬೇರೆಯಾದರೂ ಕೊಳಲು ಒಂದೇ ಎಂದು ತಾನಾಗಿ ತಿಳಿಯುತ್ತದೆ.

ಇಂದಿನ ಕರ್ತವ್ಯ

ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಇಂದು ಬೆಳೆಯುತ್ತಿರುವ ಅನೇಕ ಮಕ್ಕಳು ಕನ್ನಡವನ್ನು ಕೇಳಿದರೆ ತಿಳಿಯುತ್ತಾರೆ, ಓದಲಾರರು. ಹಿಂದೆ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಬಂದ ಹುಡುಗರಿಗೆ ಅಕ್ಷರ ಕಲಿಸಿದ ರಾತ್ರಿಶಾಲೆಗಳೂ, ಕನ್ನಡ ಮಾಧ್ಯಮದ ಹಗಲು ಶಾಲೆಗಳೂ ಒಂದೊಂದಾಗಿ ಕ್ಷೀಣಿಸಿವೆ. ಅಜ್ಜಿಯ ಭಾಗವತ ಮೊಮ್ಮಗುವಿಗೆ ಬರಿಯ ಕಪ್ಪು ಗೆರೆಗಳ ರಾಶಿಯಾಗಿ ಕಾಣುತ್ತದೆ. ಹಿರಿಯರು ತೀರಿಕೊಂಡ ಬಳಿಕ ಮನೆ ಬದಲಿಸುವಾಗ ಅಂಥ ಗ್ರಂಥಗಳಿಗೆ ಎರಡೇ ಗತಿ: ಒಂದು ರದ್ದಿಯಂಗಡಿ, ಇನ್ನೊಂದು ದೇವರ ಚಿತ್ರವಿರುವ ಕಾಗದವನ್ನು ಕಸಕ್ಕೆ ಹಾಕಬಾರದೆಂಬ ಶ್ರದ್ಧೆಯಿಂದ ಸಮುದ್ರಕ್ಕೆ ಬಿಡುವುದು. ಎರಡನೆಯದರ ಹಿಂದಿನ ಭಾವನೆ ಗೌರವಾರ್ಹ. ಆದರೆ ನೀರಿಗೆ ಹೋದ ಪಡಿಯಚ್ಚಿನ ಪುಸ್ತಕ ಮತ್ತೆ ಬಾರದು. ಅದರ ಮರದಚ್ಚೂ ಕಲ್ಲೂ ಎಂದೋ ಸವೆದುಹೋಗಿವೆ.

ಆದ್ದರಿಂದ ಈ ನವರಾತ್ರಿಯಲ್ಲಿ ಕೆಲವು ಕಾರ್ಯಗಳನ್ನು ಕೈಕೊಳ್ಳಬಹುದು. ಮನೆಯಲ್ಲಿರುವ ಹಳೆಯ ಸಚಿತ್ರ ಗ್ರಂಥದ ಮುಖಪುಟದಲ್ಲಿರುವ ವರ್ಷ, ಊರು, ಮುದ್ರಣಾಲಯಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅದರೊಳಗಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಇಡಬಾರದು, ಮುಂಬಯಿಯ ತೇವದ ಹವೆಯಲ್ಲಿ ಒಳಗೇ ಬೂಷ್ಟು ಹಿಡಿಯುತ್ತದೆ. ಒಗೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಸುತ್ತಬೇಕು. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬಾರದು, ಅದರ ಗೋಂದು ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದಿಸುತ್ತದೆ. ಪುಟಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಇಂದು ಮಕ್ಕಳಿಂದಲೇ ಆಗುವ ಕೆಲಸ. ಮನೆಯಲ್ಲಿ ಇಡಲಾಗದವರು ಕನ್ನಡ ಸಂಘದ ಗ್ರಂಥಾಲಯಕ್ಕಾದರೂ ಒಪ್ಪಿಸಬೇಕು. ಮತ್ತು ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯಂದು ಎತ್ತಿ ಹಾಗೆಯೇ ಕಪಾಟಿಗೆ ಸೇರಿಸದೆ, ಒಂದು ಚಿತ್ರದ ಮುಂದೆ ಮಗುವನ್ನು ಕೂರಿಸಿ, ಅದರ ಕಥೆಯನ್ನು ಕನ್ನಡದಲ್ಲಿಯೇ ಹೇಳಬೇಕು. ವಿದ್ಯಾರಂಭಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.

ಮೊದಲ ಪಾಠಕ್ಕೆ ಧ್ರುವನ ಚಿತ್ರ ಉಚಿತವಾದೀತು. ಐದು ವರ್ಷದ ಬಾಲಕ ಕೈಮುಗಿದು ನಿಂತಿದ್ದಾನೆ. ಎದುರಿಗೆ ಚತುರ್ಭುಜನಾದ ಹರಿ ಬಾಗಿ ತನ್ನ ಶಂಖವನ್ನು ಅವನ ಕೆನ್ನೆಗೆ ತಾಗಿಸುತ್ತಿದ್ದಾನೆ. ಭಾಗವತವನ್ನು ಓದದವರಿಗೆ ಈ ಶಂಖದ ಅರ್ಥ ತಿಳಿಯದು. ಸ್ತುತಿಸಬೇಕೆಂಬ ಬಯಕೆ ಮಗುವಿನಲ್ಲಿ ತುಂಬಿತ್ತು, ಹೇಗೆ ಹೇಳಬೇಕೆಂಬುದು ಮಾತ್ರ ತಿಳಿದಿರಲಿಲ್ಲ. ಅದನ್ನರಿತ ಭಗವಂತ ಅವನನ್ನು ಗದರಿಸಲಿಲ್ಲ, ಕಲಿತು ಬಾ ಎಂದು ಕಳಿಸಲಿಲ್ಲ. ಶಂಖದಿಂದ ಕೆನ್ನೆಯನ್ನು ಸ್ಪರ್ಶಿಸಿದನು, ಮಗುವಿಗೆ ಮಾತು ಬಂತು. ತಾಯ್ನುಡಿಯ ಮಾತು ತುಟಿಯವರೆಗೆ ಬಂದು ನಿಂತಿರುವ ಮಕ್ಕಳಿಗೆ ಹಿರಿಯರು ತೋರಬೇಕಾದದ್ದು ಇಂಥ ಸ್ಪರ್ಶವನ್ನೇ. ಅದಕ್ಕೆ ಬೇಕಾದ ಸಾಧನವನ್ನು ಹೆಸರಿಲ್ಲದ ಕುಶಲಕರ್ಮಿಗಳು ಎಂದೋ ಕೊರೆದಿಟ್ಟು ಹೋಗಿದ್ದಾರೆ.